ಎಂಸಿಬಿಗೆ ಸಂದ ಅತಿ ಗೌರವ

ಬ್ಯೂಟಿ ಪಾರ್ಲರುಗಳಲ್ಲಿ ಶಾಕ್ ಹೊಡೆಯುವ ಮಾತೆತ್ತಿದರೆ ಬರುವ ಉತ್ತರ ಒಂದೇ: 'ಎಂಸಿಬಿ ಹಾಕಿಸಿದ್ದೀವಲ್ಲ.' ಮಿತಿ ಮೀರಿ ಕರೆಂಟ್ ಹರಿದರೆ ಲೈನ್ ಕಡಿಯುವ ಸ್ವಿಚ್ಚಾದ ಎಂಸಿಬಿ ಈ ವಿಷಯದಲ್ಲಿ ಗಳಿಸಿರುವ ಹೆಸರು ಅದಕ್ಕೆ ಸಲ್ಲತಕ್ಕದ್ದಲ್ಲ.

ಲೆಕ್ಕ ಹಾಕಿ ನೋಡೋಣ. ತಲೆ ತೊಳೆಯುವ ಬೇಸಿನ್ ಪಕ್ಕದ ಒದ್ದೆ ನೆಲದ ಮೇಲೆ ನಿಂತ ಹುಡುಗಿ, ಒಳಗೆ ವೈರ್ ತಾಗಿಕೊಂಡಿರುವ ಸ್ಟೀಮರ್ ಮುಟ್ಟುತ್ತಾಳೆ. ಒದ್ದೆ ಮೈಯ ರೆಸಿಸ್ಟೆನ್ಸ್ ಸುಮಾರು 1000 ಓಮ್ ಎಂದು ಹಿಡಿದರೆ, 230 ವೋಲ್ಟಿಗೆ ಅವಳ ಮೈಯಲ್ಲಿ ಹರಿಯುವುದು 230 ಮಿಲಿಆಂಪಿಯರ್. ಅದರ ಅರ್ಧ ಒಂದೆರಡು ಸೆಕೆಂಡು ಹರಿದರೂ ಹೃದಯದ ಲಯ ಕೆಡಬಹುದು. 16 ಆಂಪಿಯರಿನ ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ. 2000 ವಾಟಿನ ಡ್ರೈಯರ್ ಒಂದೇ 8.7 ಆಂಪಿಯರ್ ಎಳೆದರೂ ಅದು ಸುಮ್ಮನಿರಬೇಕು. ವೈರ್ ಕಾದು ಬೆಂಕಿ ಹತ್ತದಂತೆ ತಡೆಯುವುದು ಅದರ ಕೆಲಸ, ಅದನ್ನು ಚೆನ್ನಾಗಿಯೇ ಮಾಡುತ್ತದೆ. ಜೀವ ಉಳಿಸುವುದು ಪಕ್ಕದಲ್ಲಿರಬೇಕಾದ ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಅಷ್ಟೇ ಮರಳಿತೇ ಎಂದು ಅದು ತಾಳೆ ನೋಡುತ್ತದೆ. 30 ಮಿಲಿಆಂಪಿಯರ್ ಸೋರಿದರೆ 0.3 ಸೆಕೆಂಡಿನೊಳಗೆ, 150 ಸೋರಿದರೆ 0.04 ಸೆಕೆಂಡಿನೊಳಗೆ ಲೈನ್ ಕಡಿಯಬೇಕು.

ಅರ್ಥಿಂಗ್ ಸರಿಯಿದ್ದರೆ ಇದೆಲ್ಲ ಯಾಕೆ ಎಂದು ವಾದಿಸುವವರಿದ್ದಾರೆ. ಅರ್ಥಿಂಗ್ ಬೇಕೇ ಬೇಕು. ಆದರೆ ಅಂಗಡಿಯ ಅರ್ಥ್ ರೆಸಿಸ್ಟೆನ್ಸ್ 10 ಓಮ್ ಇದ್ದರೆ ಅಲ್ಲಿ ಹರಿಯುವುದು 23 ಆಂಪಿಯರ್. 16ರ ಎಂಸಿಬಿ ಅದನ್ನು ಕಡಿಯಲು ನಿಮಿಷಗಟ್ಟಲೆ ತೆಗೆದುಕೊಳ್ಳಬಹುದು. ಅಲ್ಲಿಯವರೆಗೂ ಸ್ಟೀಮರಿನ ಮೈಯಲ್ಲಿ ಕರೆಂಟ್ ಇರುತ್ತದೆ. ಎರಡು ಪಿನ್ನಿನ ಡ್ರೈಯರ್, ಸ್ಟ್ರೈಟ್ನರ್‌ಗಳಿಗಂತೂ ಅರ್ಥ್ ವೈರೇ ಇಲ್ಲ. ಡಬಲ್ ಇನ್ಸುಲೇಷನ್ ಇದೆಯಲ್ಲ ಎನ್ನುವವರು ಸ್ಟ್ರೈಟ್ನರಿನ ಹಿಡಿಗೆ ವೈರ್ ಸೇರುವ ಕತ್ತನ್ನು ನೋಡಲಿ: ದಿನವಿಡೀ ತಿರುಚಿ ತಿರುಚಿ ಹೊದಿಕೆ ಸೀಳಿ, ತಾಮ್ರದ ಎಳೆ ಕಾಣುತ್ತಿರುತ್ತದೆ, ಮೇಲೆ ಕಪ್ಪು ಟೇಪು. ಅಮೆರಿಕದಲ್ಲಿ 1991ರಿಂದ ಡ್ರೈಯರ್ ನೀರಿಗೆ ಬಿದ್ದರೆ ಪ್ಲಗ್ಗೇ ಕರೆಂಟ್ ಕಡಿಯುವಂತೆ ಮಾಡಿದ್ದು ಇನ್ಸುಲೇಷನ್ ಒಂದನ್ನೇ ನಂಬಲಾಗದೆಂದೇ.

ಇವರೆಲ್ಲರಿಗಿಂತ ನನಗೆ ಸಿಟ್ಟಿರುವುದು 'ಪದೇ ಪದೇ ಟ್ರಿಪ್ ಆಗುತ್ತೆ' ಎಂದು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಕೊಡುವ ಎಲೆಕ್ಟ್ರಿಷಿಯನ್ನರ ಮೇಲೆ. ಪದೇ ಪದೇ ಟ್ರಿಪ್ ಆದರೆ ಸಾಮಾನ್ಯವಾಗಿ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ವ್ಯಾಕ್ಸ್ ಹೀಟರ್, ಸ್ಟೀಮರ್, ಎಕ್ಸ್‌ಟೆನ್ಷನ್ ಬಾಕ್ಸ್ ಒಂದೊಂದಾಗಿ ಕಳಚಿ ಹುಡುಕಬೇಕು.

ಆರ್‌ಸಿಸಿಬಿಗೂ ಮಿತಿಯಿದೆ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದವರನ್ನು ಅದು ಗುರುತಿಸಲಾರದು. ವರ್ಷಗಟ್ಟಲೆ ಅಲುಗದಿದ್ದರೆ ಒಳಗೇ ಜಾಮ್ ಆಗಬಹುದು. ಟೆಸ್ಟ್ ಬಟನ್ ಇರುವುದು ಅದಕ್ಕೇ. ಹೇರ್ ಡೈಗೆ ಮುಂಚೆ ಪ್ಯಾಚ್ ಟೆಸ್ಟ್ ಹೇಳಿಕೊಡುವ ಬ್ಯೂಟಿಷಿಯನ್ ಕೋರ್ಸುಗಳು ಆಗಾಗ ಈ ಬಟನ್ ಒತ್ತಿ ನೋಡುವುದನ್ನೂ ಹೇಳಿಕೊಡಲಿ. ಒತ್ತಿದರೂ ಟ್ರಿಪ್ ಆಗದಿದ್ದರೆ ಅಂದೇ ಬದಲಾಯಿಸಬೇಕು.