ತಪ್ಪದ ನೇಮ

ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಗುಡ್ಡಾಪುರಕ್ಕೆ ಹೊರಟವರಿಗೆ ನನ್ನದೊಂದು ಸಲಹೆ: ಗರ್ಭಗುಡಿಗಿಂತ ಮೊದಲು ರಸ್ತೆ ನೋಡಿ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ವಿಜಯಪುರ, ಬಾಗಲಕೋಟೆ ಕಡೆಯ ಜನ ನಡೆದೇ ಬರುತ್ತಾರೆ. ದಾರಿಯ ಊರವರು ಶಾಮಿಯಾನ ಹಾಕಿ ಚಹಾ, ಉಪ್ಪಿಟ್ಟು ಕೊಡುತ್ತಾರೆ. ಬೊಬ್ಬೆ ಎದ್ದ ಪಾದಗಳಿಗೆ ಎಣ್ಣೆ ತಿಕ್ಕುತ್ತಾರೆ. ನಾಚಿ ಕಾಲು ಹಿಂದೆಳೆದರೆ, 'ಇದು ನಮ್ಮ ಸೇವಾ, ಸುಮ್ಮಕ ಕೂಡ್ರಿ' ಎಂದು ಗದರುತ್ತಾರೆ. ಗುಡಿಯೊಳಗೆ ದೇವಿಯ ಮುಂದೆ ನಿಲ್ಲಲು ಸಿಗುವುದು ಎರಡು ಉಸಿರಿನ ಹೊತ್ತು. ಕಾಯಿ ಒಡೆಸಿ, ಉಡಿ ತುಂಬಿ ಹೊರಬಿದ್ದರೆ ಮತ್ತೆ ದಾಸೋಹದ ಪಂಕ್ತಿ.

ಗುಡ್ಡಾಪುರದ ಈ ದೇವಿ, ದಾನಮ್ಮ, 12ನೇ ಶತಮಾನದ ಶರಣೆ. ಹುಟ್ಟೂರು ಇದೇ ತಾಲ್ಲೂಕಿನ ಉಮರಾಣಿ, ಮೊದಲ ಹೆಸರು ಲಿಂಗಮ್ಮ. ಆಕೆಯ ದಾಸೋಹ ಕಂಡು ಬಸವಣ್ಣನವರೇ ದಾನಮ್ಮ ಎಂದು ಕರೆದರೆಂಬುದು ಜನರ ನಂಬಿಕೆ. ಅನ್ನ ಇಕ್ಕಿದವಳೇ ದೇವಿಯಾದ ಮೇಲೆ ಅನ್ನ ಇಕ್ಕುವುದೇ ಅವಳ ಪೂಜೆಯಾಗಬೇಕಲ್ಲವೆ? ಸ್ಥಾವರವನ್ನು ಒಲ್ಲೆನೆಂದ ಶರಣರ ಬಳಗದವಳಿಗೆ ಗುಡಿ ಕಟ್ಟಿದ ವಿಪರ್ಯಾಸವನ್ನು ಈ ಪಂಕ್ತಿ ಅಷ್ಟಿಷ್ಟು ತೂಗಿಸುತ್ತದೆ.

ಇದೇ ತಾಲ್ಲೂಕಿನ ಉಮದಿ ಇನ್ನೊಂದು ಬಗೆಯ ಪೂಜೆಯ ತವರು. ಭಾವೂಸಾಹೇಬ ಮಹಾರಾಜರು (1843–1914) ಈ ಊರಿನವರು. ನಿಂಬರಗಿ ಮಹಾರಾಜರ ಶಿಷ್ಯರಾಗಿ, ಇಂಚಗೇರಿಯಲ್ಲಿ ಮಠ ಕಟ್ಟಿದರು. ಅಲಹಾಬಾದಿನಲ್ಲಿ ತತ್ವಶಾಸ್ತ್ರ ಕಲಿಸಿ ಕೊನೆಗೆ ನಿಂಬಾಳದಲ್ಲಿ ನೆಲೆನಿಂತ ಗುರುದೇವ ರಾನಡೆ ಭಾವೂಸಾಹೇಬರ ಶಿಷ್ಯರು. ಈ ಸಂಪ್ರದಾಯದ ತಿರುಳು ನಾಮಸ್ಮರಣೆ. ಭಜನೆಯಲ್ಲಿ ಮರಾಠಿ ಅಭಂಗದ ಬೆನ್ನಿಗೇ ಕನ್ನಡ ಪದ ಬರುತ್ತದೆ, ದಾಸಬೋಧದ ಪಠಣ ಇರುತ್ತದೆ. ಆಮೇಲೆ ಸಾಧಕರು ಕಣ್ಣು ಮುಚ್ಚಿ ನೇಮಕ್ಕೆ ಕೂಡುತ್ತಾರೆ. ನೋಡಲು ಹೋದವರಿಗೆ ನೋಡಲು ಏನೂ ಸಿಗದು.

ಒಂದು ಕಡೆ ಕೈಕಾಲಿನ ಪೂಜೆ, ಇನ್ನೊಂದು ಕಡೆ ಉಸಿರಿನ ಪೂಜೆ. ಎರಡರಲ್ಲಿ ಯಾವುದು ದೊಡ್ಡದೆಂಬ ವಾದ ಪಂಡಿತರಿಗಿರಲಿ. ಈ ಸೀಮೆಯವರ ಆಡುಮಾತು ಕೇಳಿ: ಗುಡ್ಡಾಪುರಕ್ಕೆ ನಡೆದುಕೊಳ್ಳುವವರು 'ಅಮಾಸಿ ತಪ್ಪಸಬಾರದ್ರಿ' ಎನ್ನುತ್ತಾರೆ, ಇಂಚಗೇರಿಯ ಕಡೆಯವರು 'ನೇಮ ಆತೇನ್ರಿ?' ಎಂದು ವಿಚಾರಿಸುತ್ತಾರೆ. ದೇವರನ್ನು ಕಂಡೆಯಾ, ಮನಸ್ಸು ಕರಗಿತೇ ಎಂದು ಇಬ್ಬರೂ ಕೇಳುವುದಿಲ್ಲ. ಮನಸ್ಸು ಕರಗುವುದು ನಮ್ಮ ಕೈಯಲ್ಲಿಲ್ಲ, ಹೋಗಿ ಕೂಡುವುದು ಇದೆ. ಮಳೆ ಬಂದರೆ ಬಂತು ಎನ್ನುವ ಈ ಬರದ ನಾಡಿನ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಗಿಲು ನೋಡಿಕೊಂಡೇ ಅವನು ಹೊಲ ಹದ ಮಾಡುತ್ತಾನೆ.

ವರ್ಷಕ್ಕೊಮ್ಮೆ ಅದ್ದೂರಿ ಪೂಜೆ ಮಾಡಿಸಲು ದುಡ್ಡಿದ್ದರೆ ಸಾಕು. ಪ್ರತಿ ಅಮಾವಾಸ್ಯೆಗೆ ಬರಬೇಕೆಂದರೆ, ದಿನವೂ ನೇಮಕ್ಕೆ ಕೂಡಬೇಕೆಂದರೆ ಬದುಕನ್ನೇ ಹೊಂದಿಸಿಕೊಳ್ಳಬೇಕು. ಹಾಗೆ ಹೊಂದಿಸಿಕೊಂಡದ್ದನ್ನೇ ನಾನು ಪೂಜೆ ಎನ್ನುತ್ತೇನೆ.

ಬರುವ ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರಕ್ಕೆ ಹೋಗುವುದಾದರೆ ಹಿಂದಿನ ದಿನವೇ ಹೊರಡಿ, ಕಾರು ದೂರ ನಿಲ್ಲಿಸಿ ನಡೆಯಿರಿ. ದರ್ಶನದ ಸಾಲು ಉದ್ದವಿದ್ದರೆ ಬೇಸರ ಬೇಡ. ಬಡಿಸುವವರ ಸಾಲಿನಲ್ಲಿ ಯಾವಾಗಲೂ ಜಾಗ ಇರುತ್ತದೆ.