ಮಂಜಿನಲ್ಲಿ ಬೆಳಕಿನ ದುಂದು

ಡಿಸೆಂಬರ್, ಜನವರಿಯ ನಸುಕಿನಲ್ಲಿ ಹೆಬ್ಬಾಳದಿಂದ ಯಲಹಂಕದ ಕಡೆ ಹೋಗುವ ಬಳ್ಳಾರಿ ರಸ್ತೆಗೆ ಮಂಜು ಕವಿಯುವುದುಂಟು. ವಿಮಾನ ಹಿಡಿಯುವವರ ಕ್ಯಾಬು, ನಂದಿ ಬೆಟ್ಟಕ್ಕೆ ಹೊರಟವರ ಬೈಕು, ತರಕಾರಿ ಟೆಂಪೊ ಎಲ್ಲವೂ ಆ ಹೊತ್ತಿಗೆ ರಸ್ತೆಯಲ್ಲಿರುತ್ತವೆ. ನಮ್ಮ ಚಾಲಕರಿಗೆ ದೀಪ ಬಳಸಲು ಎಷ್ಟು ಗೊತ್ತು ಎಂಬುದಕ್ಕೆ ಸಹಕಾರನಗರದ ತಿರುವಿನಲ್ಲಿ ಅರ್ಧ ಗಂಟೆ ನಿಂತರೆ ಉತ್ತರ ಸಿಗುತ್ತದೆ.

ಮೊದಲ ತಪ್ಪು ಹೈಬೀಮ್. ಮಂಜೆಂದರೆ ತೇಲುವ ನೀರಹನಿಗಳು. ಮೇಲೆತ್ತಿದ ಬೆಳಕು ಅವುಗಳಿಗೆ ತಾಗಿ ಚದುರಿ ಚಾಲಕನ ಕಣ್ಣಿಗೇ ಮರಳುತ್ತದೆ. ಬೆಳಕು ಹೆಚ್ಚಿದಷ್ಟೂ ಎದುರಿನ ಬಿಳಿ ಗೋಡೆ ದಪ್ಪವಾಗುತ್ತದೆ. ಹಳದಿ ಬಲ್ಬು ಹಾಕಿಸಿದರೆ ಮಂಜು ಸೀಳುತ್ತದೆಂಬ ನಂಬಿಕೆಯೂ ಅಷ್ಟಕ್ಕಷ್ಟೆ. ಫಾಗ್ ಲ್ಯಾಂಪಿನ ಗುಣ ಬಣ್ಣದಲ್ಲಿಲ್ಲ. ಅದನ್ನು ತಗ್ಗಿನಲ್ಲಿ ಕೂರಿಸಿ, ಬೆಳಕು ಅಗಲವಾಗಿ ನೆಲಕ್ಕಂಟಿಕೊಂಡು ಹರಡುವಂತೆ ಮಾಡಿರುವುದರಲ್ಲಿದೆ.

ಎರಡನೆಯದು ಹಗಲಿನ ದೀಪವನ್ನು ನಂಬಿದ ಭಂಡ ಧೈರ್ಯ. ಹಲವು ಹೊಸ ಕಾರುಗಳಲ್ಲಿ ಈ ದೀಪ ಮುಂದೆ ತಾನೇ ಹೊತ್ತಿಕೊಳ್ಳುತ್ತದೆ. ಅಷ್ಟು ಸಾಕೆಂದು ಹೊರಟರೆ ಎಷ್ಟೋ ಕಾರುಗಳ ಹಿಂಬದಿ ಕತ್ತಲೆಯಾಗಿಯೇ ಉಳಿದಿರುತ್ತದೆ.

ಮೂರನೆಯ ತಪ್ಪನ್ನು ಜಾಗರೂಕರೇ ಮಾಡುತ್ತಾರೆ: ಓಡುತ್ತಿರುವಾಗಲೇ ನಾಲ್ಕೂ ಇಂಡಿಕೇಟರ್ ಮಿಣುಕಿಸುವುದು. ಮಳೆ ಜೋರಾದರೂ ಇದೇ, ಸರ್ಕಲ್ಲಿನಲ್ಲಿ ನೇರ ಹೋಗುವುದಕ್ಕೂ ಇದೇ. ಹೆಬ್ಬಾಳದಿಂದ ಬಂದವನು ಸಹಕಾರನಗರಕ್ಕೆ ಎಡಕ್ಕೆ ಸರಿದು ಸರ್ವಿಸ್ ರಸ್ತೆಗೆ ಇಳಿಯಬೇಕು. ನಾಲ್ಕೂ ಮಿಣುಕುತ್ತಿದ್ದರೆ ಎಡದ ಇಂಡಿಕೇಟರ್ ಹಾಕಿದರೂ ಹಿಂದಿನವನಿಗೆ ತಿಳಿಯುವುದಿಲ್ಲ. ಬ್ರೇಕ್ ದೀಪ ಆ ಮಿಣುಕಿನಲ್ಲಿ ಕರಗುತ್ತದೆ. ಗಾಡಿ ಓಡುತ್ತಿದೆಯೋ ಕೆಟ್ಟು ನಿಂತಿದೆಯೋ ಎಂಬುದೂ ಅನುಮಾನ. ಹೈಬೀಮಿನವನನ್ನು ಎಲ್ಲರೂ ಬಯ್ಯುತ್ತಾರೆ, ಇವನನ್ನು ಯಾರೂ ಬಯ್ಯುವುದಿಲ್ಲ. ಆದ್ದರಿಂದಲೇ ಮೂರರಲ್ಲಿ ಇದನ್ನು ಹೆಚ್ಚು ಅಪಾಯದ್ದೆನ್ನುತ್ತೇನೆ.

ಚಾಲಕರ ಪರವಾಗಿಯೂ ಒಂದು ಮಾತಿದೆ. ಲೇನಿನ ಬಿಳಿಗೆರೆ ಮಾಸಿರುವಲ್ಲಿ, ಗುರುತಿಲ್ಲದ ಹಂಪ್ ಧುತ್ತೆಂದು ಎದುರಾಗುವಲ್ಲಿ, ಬೀದಿದೀಪ ಕೆಟ್ಟಿರುವಲ್ಲಿ ಕೈ ತಾನಾಗಿ ಹೈಬೀಮಿಗೆ ಹೋಗುತ್ತದೆ. ಆದರೆ ಅದು ಒಳ್ಳೆಯ ರಸ್ತೆ ಕೇಳುವುದಕ್ಕೆ ಕಾರಣವೇ ಹೊರತು ಎದುರಿನವನ ಕಣ್ಣು ಕೋರೈಸುವುದಕ್ಕೆ ಪರವಾನಗಿಯಲ್ಲ.

ಕಾನೂನಿಗೆ ಈ ಪರರ ಕಣ್ಣಿನ ಪರಿವೆ ಹಿಂದಿನಿಂದಲೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ, ದೀಪದಿಂದ 8 ಮೀಟರ್ ದೂರದಲ್ಲಿ, 1.5 ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕುಕ್ಕಬಾರದೆನ್ನುತ್ತದೆ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಆರುವುದೇ ಇಲ್ಲ. ಬೈಕು ಕಾಣಿಸಲಿ ಎಂಬುದು ಉದ್ದೇಶ, ಆದರೆ ಹೈಬೀಮೋ ಲೋ ಬೀಮೋ ಎಂಬುದು ಈಗಲೂ ಸವಾರನ ಹೆಬ್ಬೆರಳಿಗೇ ಬಿಟ್ಟದ್ದು. 2024ರಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಕೇಸು ಹಾಕತೊಡಗಿದ್ದು ಸರಿಯಾದ ಹೆಜ್ಜೆ. ಆದರೆ ಬೆಳಕು ಅತಿಯಾದುದನ್ನು ಹಿಡಿಯುವುದು ಸುಲಭ, ತಪ್ಪು ಸೂಚನೆ ಕೊಡುವುದನ್ನು ಹಿಡಿಯುವುದು ಕಷ್ಟ. ಅದನ್ನು ಡ್ರೈವಿಂಗ್ ಸ್ಕೂಲಿನಲ್ಲೇ ತಿದ್ದಬೇಕು.

ಮಂಜಿನಲ್ಲಿ ಬೇಕಾದದ್ದು ಇಷ್ಟೇ: ಲೋ ಬೀಮ್, ಇದ್ದರೆ ಫಾಗ್ ಲ್ಯಾಂಪ್, ಹೊತ್ತಿರುವ ಹಿಂದೀಪ, ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗ. ನಾಲ್ಕೂ ಇಂಡಿಕೇಟರ್ ಹಾಕದೆ ಮುಂದೆ ಹೋಗಲಾಗದಷ್ಟು ಮಂಜಿದ್ದರೆ, ರಸ್ತೆಯಿಂದ ಆಚೆ ಸುರಕ್ಷಿತ ಜಾಗಕ್ಕೆ ಸರಿದು ನಿಲ್ಲಿಸಿ ಹಾಕಲಿ. ಅದನ್ನು ಕೊಟ್ಟಿರುವುದೇ ಅದಕ್ಕೆ.