ಹಾಡು ಮುಗಿದ ಮೇಲೆ ಉಳಿಯುವ ಭಾವ

ಮೆಚ್ಚಿನ ಹಾಡು ಯಾವುದೆಂದು ಯಾರನ್ನಾದರೂ ಕೇಳಿದರೆ ಒಂದೇ ಹಾಡನ್ನು ಹೇಳಿ ಸುಮ್ಮನಾಗುವವರು ವಿರಳ. ಬೆಳಗಿನ ಹೊತ್ತಿಗೆ ಒಂದು, ಅಂಗಡಿಯ ಬಾಗಿಲು ತೆಗೆಯುವಾಗ ಒಂದು, ಹಬ್ಬದ ಹುರುಪಿಗೆ ಒಂದು, ಯಾರೊಡನೆಯೂ ಹೇಳಿಕೊಳ್ಳಲಾಗದ ಬೇಸರಕ್ಕೆ ಮತ್ತೊಂದು ಎಂದು ಪಟ್ಟಿ ಬೆಳೆಯುತ್ತ ಹೋಗುತ್ತದೆ. ಭಾವಕ್ಕೆ ತಕ್ಕ ಹಾಡು ಎಂಬುದು ಎಲ್ಲರ ಅನುಭವಕ್ಕೂ ಬಂದ ಮಾತಾದುದರಿಂದ ಅದನ್ನು ಪರೀಕ್ಷಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಆದರೆ ಹಾಡು ಮನಸ್ಸಿಗೆ ಹೊಂದಿತು ಎಂದ ಮಾತ್ರಕ್ಕೆ ಅದು ಮನಸ್ಸಿಗೆ ಹಿತವಾಯಿತು ಎನ್ನಬಹುದೆ? ವ್ಯಾಪಾರಿಯು ದಿನದ ಕಿರ್ದಿಯನ್ನು ಆರಂಭದ ಶಿಲ್ಕಿನಿಂದ ತೊಡಗುತ್ತಾನೆ ನಿಜ. ಆದರೆ ವ್ಯವಹಾರದ ಯೋಗ್ಯತೆ ಗೊತ್ತಾಗುವುದು ಅಖೈರು ಶಿಲ್ಕಿನಿಂದ. ಹಾಡಿಗೂ ಈ ಲೆಕ್ಕವೇ ಸಲ್ಲುತ್ತದೆ. ಕೇಳುವ ಮೊದಲು ಮನಸ್ಸು ಯಾವ ಭಾವದಲ್ಲಿತ್ತು ಎಂಬುದಕ್ಕಿಂತ, ಕೇಳಿ ಮುಗಿದ ಮೇಲೆ ಎಲ್ಲಿ ಬಂದು ನಿಂತಿತು ಎಂಬುದೇ ಮುಖ್ಯವಾದ ವಿಚಾರ.

ಇದನ್ನು ವಿವೇಚಿಸಲು ಸಂಗೊಳ್ಳಿ ತಕ್ಕ ಸ್ಥಳ. ಬೈಲಹೊಂಗಲ ತಾಲೂಕಿನ, ಮಲಪ್ರಭೆಯ ದಂಡೆಯ ಈ ಊರು ನಾಡಿಗೆಲ್ಲ ಪರಿಚಿತವಾದದ್ದು ರಾಯಣ್ಣನಿಂದ. ರಾಯಣ್ಣನು ಮನೆಮನೆಗೆ ಪರಿಚಿತನಾದದ್ದು ಬಹುಮಟ್ಟಿಗೆ ಲಾವಣಿಯಿಂದ. ಆದರೆ ಈ ಸೀಮೆಯ ಹಾಡಿನ ಸಂಪತ್ತು ಲಾವಣಿಯೊಂದರಲ್ಲಿಯೇ ಮುಗಿಯುವುದಿಲ್ಲ. ನಸುಕಿನಲ್ಲಿ ಬೀಸುವ ಪದ, ತೊಟ್ಟಿಲ ಬಳಿ ಜೋಗುಳ, ಸುಗ್ಗಿಯ ಕಣದಲ್ಲಿ ಎತ್ತುಗಳ ಹಿಂದೆ ಹಂತಿಯ ಪದ, ಮದುವೆಯಲ್ಲಿ ಸೋಬಾನೆ, ಸವದತ್ತಿಯ ಎಲ್ಲಮ್ಮನ ಹಾದಿಯಲ್ಲಿ ಚೌಡಿಕೆಯ ಪದ, ಮೊಹರಮ್ಮಿನಲ್ಲಿ ಕರ್ಬಲದ ಪದ, ರಾತ್ರಿಯ ಭಜನೆಯಲ್ಲಿ ತತ್ವಪದ. ಇವುಗಳಲ್ಲಿ ಯಾವುದನ್ನೂ ಹಾಡುವವರು ತಮ್ಮ ಅಂದಿನ ಮನಸ್ಸಿಗೆ ತಕ್ಕಂತೆ ಆರಿಸಿಕೊಂಡವರಲ್ಲ. ಹೊತ್ತು ಮತ್ತು ಕೆಲಸಗಳೇ ಹಾಡನ್ನು ಆರಿಸುತ್ತಿದ್ದವು. ಇದೇ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಬೆಳೆಸಿದ ಶಾಸ್ತ್ರೀಯ ಸಂಗೀತದಲ್ಲಿಯೂ ನಿಯಮ ಇಂಥದೇ: ಭೈರವಕ್ಕೆ ಬೆಳಗು, ಯಮನಿಗೆ ಸಂಜೆ. ಗಾಯಕನ ಖುಷಿಯನ್ನು ಕಾಯುತ್ತ ಸಂಜೆಯು ನಿಲ್ಲುವುದಿಲ್ಲ.

ಬೀಸುವ ಪದವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಛಂದಸ್ಸು ತ್ರಿಪದಿ. ಸುಮಾರು 700ನೆಯ ಇಸವಿಯ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಕಾಣುವ ಈ ಛಂದಸ್ಸು ಸಾವಿರಕ್ಕೂ ಮಿಕ್ಕಿದ ವರ್ಷಗಳ ಕಾಲ ಹೆಣ್ಣುಮಕ್ಕಳ ಬಾಯಲ್ಲಿ ಉಳಿದುಬಂದಿತು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ ಈ ಪದಗಳ ಬೆಲೆ ಪಂಡಿತರಿಗೂ ತಿಳಿಯಿತು. ಬೀಸುಕಲ್ಲಿನ ಮುಂದೆ ಕುಳಿತ ಸೊಸೆಗೆ ದುಃಖವಿತ್ತು, ಆಯಾಸವಿತ್ತು, ತವರಿನ ಹಂಬಲವಿತ್ತು. ಅತ್ತೆಯ ಮೇಲಿನ ಸಿಟ್ಟೂ ಇತ್ತು. ಅದೆಲ್ಲವೂ ಪದದೊಳಗೆ ಬರುತ್ತಿತ್ತು. ಆದರೆ ಮೊದಲು ದೇವರನ್ನು ನೆನೆಯಬೇಕು, ಕೊನೆಗೆ ತವರಿಗೆ ಹರಸಬೇಕು. ನಡುವೆ ಅಳಲು ಎಷ್ಟಿದ್ದರೂ ಕಲ್ಲಿನ ತಿರುವು ತಪ್ಪಕೂಡದು. ಆಕೆಯ ಅಳಲನ್ನು ಹಾಡು ಸುಳ್ಳೆನ್ನಲಿಲ್ಲ, ಮುಚ್ಚಿಡಲಿಲ್ಲ. ಆದರೆ ಅಳಲಿನಲ್ಲಿಯೇ ಆಕೆಯನ್ನು ಬಿಟ್ಟುಹೋಗಲೂ ಇಲ್ಲ. ಜೋಳ ಹಿಟ್ಟಾಗುವಷ್ಟರಲ್ಲಿ ಮನಸ್ಸು ಹಗುರವಾಗಿರುತ್ತಿತ್ತು. ಗಿರಣಿ ಬಂದು ಹೆಣ್ಣುಮಕ್ಕಳ ತೋಳಿಗೆ ವಿಶ್ರಾಂತಿ ದೊರೆತದ್ದು ಒಳ್ಳೆಯದೇ ಆಯಿತು. ಆದರೆ ಅದರೊಡನೆ ಅಳಲಿಗೆ ಗೊತ್ತಾಗಿದ್ದ ಒಂದು ಹೊತ್ತೂ ಹೋಯಿತೆಂಬುದನ್ನು ಮರೆಯಬಾರದು.

ಶಿಶುನಾಳದ ಶರೀಫ ಸಾಹೇಬರ (1819–1889) ಪದಗಳಲ್ಲಿ ಇದೇ ಚಲನೆಯನ್ನು ಇನ್ನೂ ಸ್ಪಷ್ಟವಾಗಿ ಕಾಣಬಹುದು. ಸೋರುವ ಮಾಳಿಗೆಯ ಪದವನ್ನು ಈ ಸೀಮೆಯಲ್ಲಿ ಅರಿಯದವರಿಲ್ಲ. ಮಣ್ಣಿನ ಮಾಳಿಗೆಯ ಮನೆಗಳ ಊರಿನಲ್ಲಿ ಮಳೆಗಾಲದ ಒಂದು ರಾತ್ರಿ ಬೋಗುಣಿಯಿಟ್ಟು ಹನಿ ಹಿಡಿಯುವ ಸಂಸಾರಸ್ಥನ ಕಿರಿಕಿರಿಗಿಂತ ನಿತ್ಯದ ಭಾವ ಯಾವುದಿದ್ದೀತು? ಪದವು ಅಲ್ಲಿಂದಲೇ ಹೊರಡುತ್ತದೆ. ಆದರೆ ಹಾಡುತ್ತ ಹಾಡುತ್ತ ಸೋರುವ ಮನೆ ಯಾವುದು, ದುರಸ್ತಿ ಮಾಡಬೇಕಾದವರು ಯಾರು ಎಂಬ ಪ್ರಶ್ನೆ ಕೇಳುವವನತ್ತ ತಿರುಗುತ್ತದೆ. ಅಸಹನೆಯಿಂದ ಹೊರಟವನು ಆತ್ಮಪರೀಕ್ಷೆಗೆ ಬಂದು ಮುಟ್ಟುತ್ತಾನೆ. ಸಿ. ಅಶ್ವತ್ಥರ ರಾಗಸಂಯೋಜನೆಯಿಂದ ಮತ್ತು 1990ರಲ್ಲಿ ತೆರೆಗೆ ಬಂದ ಟಿ. ಎಸ್. ನಾಗಾಭರಣರ ಚಲನಚಿತ್ರದಿಂದ ಈ ಪದಗಳು ಧಾರವಾಡ ಸೀಮೆಯನ್ನು ದಾಟಿ ನಾಡೆಲ್ಲ ಹರಡಿದವು. ಅದು ಸಂತೋಷದ ಸಂಗತಿ. ಆದರೆ ಮೊದಲ ನುಡಿಯ ಇಂಪಿಗೆ ತಲೆದೂಗಿ ಕೊನೆಯ ನುಡಿಯವರೆಗೆ ನಿಲ್ಲದವರಿಗೆ ದೊರೆಯುವುದು ಮಾಳಿಗೆಯ ವರ್ಣನೆಯಷ್ಟೇ.

ಧಾರವಾಡದ ಆಕಾಶವಾಣಿ 1950ರ ಜನವರಿ 8ರಂದು ಪ್ರಾರಂಭವಾದ ಮೇಲೆ ಹಾಡು ಕೆಲಸದಿಂದ ಬೇರೆಯಾಗಿ ಕೇಳುವ ವಸ್ತುವಾಯಿತು. ಆದರೂ ಅದು ಕೂಡಿ ಕೇಳುವ ವಸ್ತುವಾಗಿತ್ತು. ಕೋರಿಕೆಯ ಗೀತೆಗಳ ಕಾರ್ಯಕ್ರಮಕ್ಕೆ ಅಂಚೆ ಕಾರ್ಡು ಬರೆದವನು ತನ್ನ ಮೆಚ್ಚಿನ ಹಾಡನ್ನು ಊರಿಗೆಲ್ಲ ಹಂಚುತ್ತಿದ್ದನು. ಬೇರೆಯವರ ಮೆಚ್ಚಿನ ಹಾಡನ್ನು ತಾನೂ ಕೇಳಬೇಕಾಗುತ್ತಿತ್ತು. ಒಂದೇ ರೇಡಿಯೋದ ಸುತ್ತ ಅಜ್ಜಿ, ಸೊಸೆ, ಶಾಲೆಗೆ ಹೋಗುವ ಹುಡುಗ, ಲೆಕ್ಕ ಬರೆಯುವ ಯಜಮಾನ ಎಲ್ಲರೂ ಇರುವಾಗ ಒಬ್ಬನ ಭಾವವೇ ಮನೆಯ ಭಾವವಾಗುವುದು ಸಾಧ್ಯವಿರಲಿಲ್ಲ. ಇಂದು ಹಾಡು ಒಬ್ಬೊಬ್ಬರ ಕೈಯ ಮೊಬೈಲಿಗೆ, ಅಲ್ಲಿಂದ ನೇರವಾಗಿ ಕಿವಿಗೆ ಬಂದಿದೆ. ಉಲ್ಲಾಸ, ವಿರಹ, ಬೇಸರ ಎಂದು ಭಾವಗಳ ಹೆಸರಿನಲ್ಲಿಯೇ ಹಾಡುಗಳ ಸರಮಾಲೆಗಳು ಸಿದ್ಧವಾಗಿರುತ್ತವೆ. ಬೇಸರದ ಹಾಡೊಂದು ಮುಗಿಯುವ ಮುನ್ನವೇ ಬೇಸರದ ಇನ್ನೊಂದು ಹಾಡು ಬಾಗಿಲಲ್ಲಿ ಬಂದು ನಿಂತಿರುತ್ತದೆ.

ಪಂಪನ ‘ಆದಿಪುರಾಣ’ವನ್ನು ಬಲ್ಲ ಓದುಗರಿಗೆ ಇಲ್ಲಿ ನೀಲಾಂಜನೆಯ ಪ್ರಸಂಗ ನೆನಪಾಗದೆ ಇರದು. ಆದಿದೇವನ ಆಸ್ಥಾನದಲ್ಲಿ ನರ್ತಿಸುತ್ತಿದ್ದ ನೀಲಾಂಜನೆಯ ಆಯುಷ್ಯ ನಡುವಿನಲ್ಲಿಯೇ ತೀರಿತು. ಆಕೆ ಮಿಂಚಿನಂತೆ ಮಾಯವಾದಳು. ರಸಭಂಗವಾಗಬಾರದೆಂದು ಇಂದ್ರನು ಆ ಕ್ಷಣವೇ ಅಂಥದೇ ಇನ್ನೊಂದು ರೂಪವನ್ನು ಅಲ್ಲಿ ನಿಲ್ಲಿಸಿದನು. ಸಭೆಗೆ ಏನೂ ತಿಳಿಯಲಿಲ್ಲ. ಆದಿದೇವನೊಬ್ಬನು ಆ ಬಿರುಕನ್ನು ಕಂಡನು. ಅಲ್ಲಿಂದಲೇ ಅವನ ವೈರಾಗ್ಯ ಮೊದಲಾಯಿತು. ಹಾಡು ಮುಗಿದ ಮೇಲಿನ ಮೌನ ಎಷ್ಟು ಬೆಲೆಯುಳ್ಳದ್ದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆ ಮೌನದಲ್ಲಿಯೇ ಮನಸ್ಸು ತನ್ನ ಲೆಕ್ಕವನ್ನು ತಾನು ನೋಡಿಕೊಳ್ಳುವುದು. ಇಂದಿನ ಯಂತ್ರವು ಇಂದ್ರನ ಕೆಲಸವನ್ನು ಬಹು ಜಾಣತನದಿಂದ ಮಾಡುತ್ತದೆ. ಆದಿದೇವನ ಕೆಲಸವನ್ನು ಅದು ಮಾಡಲಾರದು. ಅದನ್ನು ಕೇಳುವವನೇ ಮಾಡಬೇಕು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ದುಃಖಿಯಾದವನಿಗೆ ದುಃಖದ ಹಾಡೇ ಆಪ್ತವಲ್ಲವೆ, ಆಗ ಅವನಿಗೆ ಉಪದೇಶದ ಪದ ಕೇಳಿಸುವುದು ಕ್ರೌರ್ಯವಲ್ಲವೆ ಎಂದು ಕೇಳಬಹುದು. ಆಕ್ಷೇಪ ನ್ಯಾಯವಾದುದೇ. ಹೆಂಡತಿಯನ್ನು ಕಳೆದುಕೊಂಡವನ ಮುಂದೆ ಅನಿತ್ಯಭಾವನೆಯ ವ್ಯಾಖ್ಯಾನ ಮಾಡುವವನು ಶಾಸ್ತ್ರಜ್ಞನಿರಬಹುದು, ನೆರೆಯವನಲ್ಲ. ದುಃಖದ ಹಾಡು ದುಃಖಿಯ ಪಕ್ಕದಲ್ಲಿ ಬಂದು ಕೂಡುತ್ತದೆ. ಅದು ದೊಡ್ಡ ಉಪಕಾರ. ಆದರೆ ತತ್ತ್ವಾರ್ಥಸೂತ್ರವು ಇಷ್ಟವಿಯೋಗದ ಚಿಂತನೆಯನ್ನು ಆರ್ತಧ್ಯಾನದಲ್ಲಿ ಸೇರಿಸಿರುವಾಗ ಅದು ನಿಷೇಧಿಸುವುದು ಕಣ್ಣೀರನ್ನಲ್ಲ, ಕಣ್ಣೀರಿನಲ್ಲಿ ಮನೆ ಕಟ್ಟಿಕೊಳ್ಳುವುದನ್ನು. ಪಕ್ಕದಲ್ಲಿ ಕೂಡುವ ಹಾಡು ಬೇರೆ, ಎದ್ದೇಳಗೊಡದ ಹಾಡು ಬೇರೆ. ಬೀಸುವ ಪದ ಮೊದಲನೆಯ ಬಗೆಯದು. ಒಂದೇ ವಿರಹಗೀತೆಯನ್ನು ನಡುರಾತ್ರಿಯವರೆಗೆ ಹತ್ತು ಸಲ ತಿರುಗಿಸಿ ಕೇಳುವ ಹುಡುಗನ ಕಿವಿಯಲ್ಲಿ, ಹಾಡು ಎಷ್ಟು ಒಳ್ಳೆಯದಿದ್ದರೂ, ಅದು ಎರಡನೆಯ ಬಗೆಯದಾಗುತ್ತದೆ.

ಸಂತೋಷ, ದುಃಖಗಳಿಗಿಂತ ಕಠಿಣವಾದ ಪ್ರಶ್ನೆ ಸಿಟ್ಟಿನದು. ಅದು ರಾಯಣ್ಣನ ಲಾವಣಿಗೆ ಸಂಬಂಧಿಸಿದ್ದು. ಕಿತ್ತೂರಿನ ಚೆನ್ನಮ್ಮರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡ ಮೇಲೆ ರಾಯಣ್ಣನು ಕಂಪನಿ ಸರಕಾರದ ವಿರುದ್ಧ ದಂಡು ಕಟ್ಟಿದನು. 1830ರಲ್ಲಿ ಅವನ ಜನರು ಕಚೇರಿಗಳಿಗೆ ಬೆಂಕಿಯಿಟ್ಟು ಕಾಗದಪತ್ರಗಳನ್ನು ಸುಟ್ಟರು. ಹಣವಂತರಿಂದ ಹಣ ವಸೂಲು ಮಾಡಿದರು. ಅದೇ ವರ್ಷ ಮೋಸದಿಂದ ಸೆರೆಸಿಕ್ಕ ಅವನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಈ ಕಥೆಯ ಲಾವಣಿಯನ್ನು ಜೆ. ಎಫ್. ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯೇ ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದನೆಂಬುದು ಗಮನಾರ್ಹ. ತನ್ನ ಸರಕಾರವನ್ನೇ ಎದುರಿಸಿದವನ ಹಾಡಿಗೆ ಆ ವಿದ್ವಾಂಸನು ಕಿವಿಗೊಟ್ಟನು.

ಅಹಿಂಸಾವ್ರತವನ್ನು ಮನ್ನಿಸುವ, ಲೆಕ್ಕಪತ್ರವನ್ನೇ ಜೀವನೋಪಾಯ ಮಾಡಿಕೊಂಡ ಮನೆಯಲ್ಲಿ ಈ ಲಾವಣಿ ಮೆಚ್ಚಿನ ಹಾಡಾಗಬಹುದೆ? ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಚಿತ್ತವನ್ನು ಕಲುಷಗೊಳಿಸುವಂಥದನ್ನು ಕೇಳುವುದಕ್ಕೆ ದುಃಶ್ರುತಿ ಎಂದು ಹೆಸರಿಟ್ಟಿದ್ದಾರೆ, ಕಲುಷದ ಕಾರಣಗಳಲ್ಲಿ ದ್ವೇಷ, ಮದಗಳೊಡನೆ ಸಾಹಸವನ್ನೂ ಎಣಿಸಿದ್ದಾರೆ. ಈ ಮಾತನ್ನು ಹಿಡಿದು ಲಾವಣಿಯನ್ನು ದೂರವಿಡುವುದು ಸುಲಭ. ಆದರೆ ಹಾಗೆ ಮಾಡುವವರು ಲಾವಣಿಯನ್ನು ಪೂರ್ತಿ ಕೇಳಿದವರಲ್ಲ. ಅದು ಬರಿಯ ಗರ್ಜನೆಯಲ್ಲ. ದಪ್ಪಿನ ಬಡಿತಕ್ಕೆ ರಕ್ತ ಬಿಸಿಯಾದ ಮೇಲೆ ಕಥೆಯು ದ್ರೋಹದತ್ತ ತಿರುಗುತ್ತದೆ, ದ್ರೋಹದಿಂದ ಗಲ್ಲಿಗೆ ಹೋಗುತ್ತದೆ. ಕೊನೆಗೆ ಉಳಿಯುವುದು ಶೋಕ. ನಂದಗಡದ ಆಲದ ಮರಕ್ಕೆ ಮಕ್ಕಳನ್ನು ಬೇಡುವವರು ತೊಟ್ಟಿಲು ಕಟ್ಟುತ್ತಾರೆ. ಗಲ್ಲಿನ ನೆಲದಲ್ಲಿ ಜನ ಬೇಡಿದ್ದು ಸೇಡನ್ನಲ್ಲ, ಸಂತಾನವನ್ನು. ಲಾವಣಿಯ ಅಖೈರು ಶಿಲ್ಕು ಇದು. ಸುಟ್ಟ ಕಾಗದಗಳ ಮಾತು ಬಂದಾಗ ಹಣ ಕೊಟ್ಟು ತೆಗೆದುಕೊಳ್ಳುವ ಮನೆತನದವನು ಕಿವಿ ಮುಚ್ಚಿಕೊಳ್ಳದೆ ಕುಳಿತರೆ, ಲೆಕ್ಕದ ಪುಸ್ತಕವೊಂದು ಬಡವನ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬ ಅರಿವೂ ಅವನಿಗೆ ಲಾಭವಾಗಿ ಬರುತ್ತದೆ. ಪರಿಗ್ರಹ ಪರಿಮಾಣದ ಪಾಠವನ್ನು ಗ್ರಂಥದಿಂದಲೇ ಕಲಿಯಬೇಕೆಂಬ ನಿಯಮವೇನೂ ಇಲ್ಲ.

ಕೆಡಕು ಇರುವುದು ಅರ್ಧ ಹಾಡಿನಲ್ಲಿ. ಜಾತ್ರೆ, ಮೆರವಣಿಗೆಗಳಲ್ಲಿ ಧ್ವನಿವರ್ಧಕದಿಂದ ಹೊರಡುವ ತುಣುಕುಗಳಲ್ಲಿ ಖಡ್ಗವಿರುತ್ತದೆ, ಗಲ್ಲು ಇರುವುದಿಲ್ಲ, ಹುರುಪಿರುತ್ತದೆ, ಶೋಕವಿರುವುದಿಲ್ಲ. ಸಿಟ್ಟಿಗೆ ತಕ್ಕ ಹಾಡು ಬೇಕೆಂದವನಿಗೆ ಆ ತುಣುಕು ಸರಿಯಾಗಿ ಹೊಂದುತ್ತದೆ. ಹೊಂದುವುದರಿಂದಲೇ ಅದು ರೌದ್ರಧ್ಯಾನಕ್ಕೆ ದಾರಿಯಾಗುತ್ತದೆ. ಬೈಲಹೊಂಗಲ ಸೀಮೆಯ ಕಥೆಯೆಂದೇ ಹೆಸರಾದ ‘ಸಂಗ್ಯಾ ಬಾಳ್ಯಾ’ ಸಣ್ಣಾಟಕ್ಕೂ ಇದೇ ಗತಿ ಬಂದಿದೆ. ಪರರ ಹೆಂಡತಿಗೆ ಮನಸೋತ ಸಂಗ್ಯಾ, ಆ ಕೆಲಸಕ್ಕೆ ನೆರವಾದ ಗೆಳೆಯ ಬಾಳ್ಯಾ, ಕೊನೆಗೆ ನಡೆಯುವ ಕೊಲೆ: ಆಟವನ್ನು ರಾತ್ರಿಯಿಡೀ ನೋಡಿದವನು ಬೆಳಗಿನಲ್ಲಿ ಭಾರವಾದ ಮನಸ್ಸಿನಿಂದ ಮನೆಗೆ ಹೋಗುತ್ತಾನೆ. ಶೃಂಗಾರದ ಪದಗಳನ್ನಷ್ಟೇ ಕಿತ್ತು ಕೇಳಿದವನಿಗೆ ಆ ಭಾರವಿಲ್ಲ, ಆದುದರಿಂದ ಆ ಪಾಠವೂ ಇಲ್ಲ. ಒಂದೇ ಹಾಡು ಪೂರ್ತಿಯಾದಾಗ ನೀತಿ, ಅರ್ಧವಾದಾಗ ದುಃಶ್ರುತಿ.

ಗೀಗೀ ಮೇಳದ ಹಿರಿಯರಿಗೆ ಈ ಅಪಾಯ ತಿಳಿದಿದ್ದಿರಬೇಕು. ಹರದೇಶಿ ಮೇಳದವರು ಗಂಡು ಹೆಚ್ಚೆಂದು ಹಾಡಿದರೆ ನಾಗೇಶಿ ಮೇಳದವರು ಹೆಣ್ಣು ಹೆಚ್ಚೆಂದು ಉತ್ತರ ಕೊಡುತ್ತಾರೆ. ಒಂದು ಮೇಳವನ್ನಷ್ಟೇ ಕೇಳಿ ಎದ್ದುಹೋಗುವವನನ್ನು ಯಾರೂ ರಸಿಕನೆನ್ನುವುದಿಲ್ಲ. ಅನೇಕಾಂತದ ಹೆಸರನ್ನೇ ಕೇಳದ ಜನ ಅದನ್ನು ಇಡೀ ರಾತ್ರಿ ಕುಳಿತು ಆಚರಿಸಿದ್ದಾರೆ.

ಇದರಿಂದ ಹೊಸ ಹಾಡು ಕೆಟ್ಟದ್ದು, ಹಳೆಯದು ಒಳ್ಳೆಯದು ಎಂಬ ಸಿದ್ಧಾಂತ ಹೊರಡುವುದಿಲ್ಲ. ‘ಭರತೇಶ ವೈಭವ’ವನ್ನು ಹಾಡುವ ಸಾಂಗತ್ಯದಲ್ಲಿಯೇ ಬರೆದ ರತ್ನಾಕರವರ್ಣಿಯು ಭೋಗದ ನಡುವೆ ಕುಳಿತ ಭರತನನ್ನು ಎಚ್ಚರವುಳ್ಳವನೆಂದು ಚಿತ್ರಿಸಿದನು, ಇಂಪನ್ನು ಬಿಡೆಂದು ಅವನು ಯಾರಿಗೂ ಹೇಳಲಿಲ್ಲ. ಸಿನಿಮಾದ ಹಾಡೇ ಇರಲಿ, ಭಾವಗೀತೆಯೇ ಇರಲಿ, ಮೊಬೈಲಿನಲ್ಲಿಯೇ ಕೇಳಲಿ, ಮೂರು ಸಣ್ಣ ನಿಯಮಗಳು ಸಾಕು. ಹಾಡನ್ನು ಕೊನೆಯ ನುಡಿಯವರೆಗೆ ಕೇಳಬೇಕು. ದಿನದಲ್ಲಿ ಒಂದು ಹಾಡನ್ನಾದರೂ ಮನೆಯ ಇನ್ನೊಬ್ಬರೊಡನೆ ಕೂಡಿ ಕೇಳಬೇಕು. ಅವರ ಮೆಚ್ಚಿನ ಹಾಡಿಗೂ ಕಿವಿಗೊಡಬೇಕು. ಹಾಡು ಮುಗಿದ ಮೇಲೆ ಇನ್ನೊಂದಕ್ಕೆ ಕೈ ಹಾಕುವ ಮೊದಲು ಅರೆಗಳಿಗೆ ಸುಮ್ಮನಿರಬೇಕು. ಅಂಗಡಿಯ ದೀಪ ಆರಿಸುವ ಮುನ್ನ ಶಿಲ್ಕು ನೋಡುವ ರೂಢಿಯುಳ್ಳವರಿಗೆ ಇದು ಕಷ್ಟದ ಕೆಲಸವೇನಲ್ಲ.